ಗ್ರಾನ್‌ವಿಕ್‌ನ ಇಬ್ಬರು ಗೋಲ್‌ಕೀಪರುಗಳು

ಪುಣೆಯ ಬಾಣೇರಿನಲ್ಲಿ, ನಾಲ್ಕನೆಯ ಮಹಡಿಯ ಒಂದು ಆಫೀಸಿನಲ್ಲಿ ಕೂತು ಇಂಪನಾ ಒಂದು ವರ್ಷದಿಂದ ಸ್ವೀಡನ್ನಿನ ಐಸ್ ಹಾಕಿ ಕ್ಲಬ್ಬೊಂದರ ಚರಿತ್ರೆಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ತಿಪಟೂರಿನ ಹುಡುಗಿ. ಐಸ್ ಹಾಕಿಯನ್ನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಆದರೆ ಗ್ರಾನ್‌ವಿಕ್ ಕ್ಲಬ್ಬಿನ ಮಾತು ತೆಗೆದರೆ ಸಾಕು, ತನ್ನ ತವರಿನ ಕಥೆಯೋ ಎಂಬಂತೆ ಶುರು ಮಾಡುತ್ತಿದ್ದಳು. 1949ರಲ್ಲಿ ಮರ ಕೊಯ್ಯುವ ಕಾರ್ಖಾನೆಯ ಹದಿನಾಲ್ಕು ಮಂದಿ ಕೂಲಿಕಾರರು, ಹೆಪ್ಪುಗಟ್ಟಿದ ಕೊಲ್ಲಿಯ ಮೇಲಿನ ಹಿಮವನ್ನು ಹಲಗೆಗಳಿಂದ ಗೋರಿ ಆಡಲು ತೊಡಗಿದ್ದು. ಹದಿನೈದು ವರ್ಷ ಬಯಲಲ್ಲೇ ಆಡಿದ ಮೇಲೆ ಕಾರ್ಖಾನೆಯ ಮರದಿಂದಲೇ ಮಾಡು ಹೊದಿಸಿಕೊಂಡಿದ್ದು. 1968ರಲ್ಲಿ, ಆರು ಸಾವಿರ ಜನರ ಆ ಪುಟ್ಟ ಊರು ದೊಡ್ಡ ನಗರದ ತಂಡವನ್ನು ಎರಡು–ಒಂದರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದು. 1989ರಲ್ಲಿ ಮತ್ತೊಂದು ಚಿನ್ನ. ಆಮೇಲೆ ಕಷ್ಟಕಾಲ ಬಂದು ಕೆಳಗಿನ ಲೀಗಿಗೆ ಇಳಿದು ಒಂಬತ್ತು ವರ್ಷ ಒದ್ದಾಡಿ ಮತ್ತೆ ಮೇಲೆದ್ದದ್ದು. ಇದೆಲ್ಲ ಅವಳಿಗೆ ಬಾಯಿಪಾಠ.

ಕ್ಲಬ್ಬಿಗೆ ಎಪ್ಪತ್ತೈದು ತುಂಬುತ್ತಿತ್ತು. ಒಂದೇ ಒಂದು ಪಂದ್ಯ ಆಡಿದವರೂ ಸೇರಿದಂತೆ, ಕ್ಲಬ್ಬಿನ ಅಂಗಿ ತೊಟ್ಟ ಪ್ರತಿಯೊಬ್ಬರ ಹೆಸರೂ ಸಿಗುವಂಥ ವೆಬ್‌ಸೈಟ್ ಬೇಕೆಂದು ಅವರು ಕೇಳಿದ್ದರು. ಆ ಕೆಲಸ ಇಂಪನಾ ಕೆಲಸ ಮಾಡುತ್ತಿದ್ದ ಕಂಪನಿಗೆ ಬಂದಿತ್ತು. ತಂಡದ ಲೀಡ್ ಅವಳೇ. ಆ ಕಡೆಯಿಂದ ಹಳೆಯ ವಾರ್ಷಿಕ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದವರು ಗುನಿಲ್ಲಾ ಎಂಬ ನಿವೃತ್ತ ಶಾಲಾ ಶಿಕ್ಷಕಿ. ಈ ಕಡೆ ಆ ಪುಸ್ತಕಗಳ ಹೆಸರುಗಳನ್ನು ಒಂದೊಂದಾಗಿ ಕೂಡಿಸಿ ಹೊಂದಿಸುತ್ತಿದ್ದವಳು ಶೀತಲ್.

ಶೀತಲ್ ಬೆಳಗಾವಿಯವಳು. ವಯಸ್ಸು ನಲವತ್ತೆರಡು. ಗಂಡ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ನೌಕರ. ಮಗಳು ಹತ್ತನೆಯ ಇಯತ್ತೆ. ಮಗಳಿಗಾಗಿ ಹನ್ನೆರಡು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದು, ಮತ್ತೆ ಹೊರಗೆ ಕಾಲಿಟ್ಟಾಗ ಸಿಕ್ಕಿದ್ದು ಆರು ತಿಂಗಳಿಗೊಮ್ಮೆ ನವೀಕರಿಸುವ ಈ ಕೆಲಸ. ಮೊದಲ ವಾರ ಇಂಪನಾಳೊಡನೆ ಹಿಂದಿಯಲ್ಲೇ ಮಾತು, ಮ್ಯಾಡಮ್, ನೀವು ಎಂದೇ ಕರೆಯುತ್ತಿದ್ದಳು. ಕನ್ನಡದವಳೆಂದು ಗೊತ್ತಾದ ದಿನವೇ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಅವಳ ತಟ್ಟೆಗೆ ಹಾಕಿ, "ಇನ್ನ ಮ್ಯಾಗ ನೀ ಅಂತೇನಿ, ನಡೀತದಲ್ಲ?" ಎಂದಳು. ಇಂಪನಾ ಅವಳನ್ನು ಶೀತಲಕ್ಕ ಎಂದು ಕರೆಯತೊಡಗಿದಳು.

ಹಳೆಯ ಪುಸ್ತಕಗಳಲ್ಲಿ ಒಬ್ಬನೇ ಆಟಗಾರ ಮೂರು ಬಗೆಯ ಕಾಗುಣಿತದಲ್ಲಿ ಇರುತ್ತಿದ್ದ. ಹೀಗೆ ಒಬ್ಬನೇ ಇಬ್ಬರಾಗಿ ನಿಂತಿರಬಹುದಾದ ಹೆಸರುಗಳನ್ನು ಕಂಪ್ಯೂಟರ್ ಜೋಡಿ ಜೋಡಿಯಾಗಿ ತೋರಿಸುತ್ತಿತ್ತು. ಅಂಥ ಮುನ್ನೂರ ನಲವತ್ತು ಜೋಡಿಗಳಿದ್ದವು. ಪ್ರತಿಯೊಂದನ್ನೂ ನೋಡಿ, ಒಬ್ಬನೇ ಆದರೆ ಸೇರಿಸುವುದು, ಬೇರೆ ಬೇರೆಯಾದರೆ ಬಿಡುವುದು ಶೀತಲ್‌ಳ ಕೆಲಸ. ಸಂಶಯ ಬಂದ ಕಡೆ ಒಂದು ಟಿಪ್ಪಣಿ ಬರೆದು ಇಂಪನಾಳ ತೀರ್ಮಾನಕ್ಕೆ ಇಡುತ್ತಿದ್ದಳು.

ಒಂದು ದಿನ ಕುರ್ಚಿ ಸರಿಸಿಕೊಂಡು ಇಂಪನಾಳ ಪಕ್ಕ ಬಂದು ಕೂತಳು.

"ಈ ಕೆ. ಎಕ್‌ಬರ್ಗ್ ನೋಡು. ಗೋಲ್‌ಕೀಪರ್. ಅರವತ್ತಾರನೇ ಇಸ್ವಿ ಫೋಟೋದಾಗ ಆಟದ ಬಿಲ್ಲೆ ಹಿಡಿಯೂ ಕೈಗವಸು ಎಡಗೈಯಾಗ ಅದ. ಅರವತ್ತೆಂಟರದಾಗ ಬಲಗೈಯಾಗ ಅದ. ಮುಖ ಅಂತೂ ಎರಡೂ ಒಂದ ಥರ ಕಾಣಸ್ತಾವು. ಅಣ್ಣ ತಮ್ಮ ಇರಬೇಕು ಅನ್ನಸ್ತದ ನನಗ."

"ಫೋಟೋ ಉಲ್ಟಾ ಪ್ರಿಂಟ್ ಆಗಿರ್ಬೋದು ಅಕ್ಕ."

"ಆಗಿದ್ರ ಅಂಗಿ ಮ್ಯಾಲಿನ ನಂಬರೂ ಉಲ್ಟಾ ಇರಬೇಕಲ್ಲ?"

"ಸರಿ, ನೋಟ್ ಹಾಕಿಡಿ. ಗುನಿಲ್ಲಾ ಅವ್ರನ್ನ ಕೇಳ್ತೀನಿ."

ಕೇಳಲಿಲ್ಲ. ಮರೆತಳು. ಅದೇ ವಾರ ಗುನಿಲ್ಲಾ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದರು. ಹೋಗುವ ಮುಂಚೆ 1968ರ ಚಿನ್ನದ ತಂಡದ ಪುಟವನ್ನೆಲ್ಲ ನೋಡಿ, ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟೇ ಹೋಗಿದ್ದರು. ಆಗ ಆ ಪುಟದಲ್ಲಿ ಎಕ್‌ಬರ್ಗ್ ಇಬ್ಬರಿದ್ದರು: ಒಬ್ಬ ಕಾರ್ಲ್, ಇನ್ನೊಬ್ಬ ಬರೀ 'ಕೆ.'

ಗೌರಿ ಹಬ್ಬದ ಹಿಂದಿನ ಸಂಜೆ. ತಂಗಿಯ ನಿಶ್ಚಿತಾರ್ಥಕ್ಕೆಂದು ಇಂಪನಾ ಊರಿಗೆ ಹೊರಡಬೇಕು. ಏಳೂವರೆಗೆ ವಾಕಡದಲ್ಲಿ ಬಸ್ಸು. ಕೆಳಗೆ ರಸ್ತೆಯಲ್ಲಿ ಆಗಲೇ ಗಣಪತಿ ತರುವವರ ಢೋಲು ಶುರುವಾಗಿತ್ತು, ಟ್ರಾಫಿಕ್ ನಿಂತಲ್ಲೇ ನಿಂತಿತ್ತು. ಸೋಮವಾರದಿಂದ ಮಾಹಿತಿಯನ್ನು ಯಾರೂ ಮುಟ್ಟುವಂತಿಲ್ಲ, ಹಾಗಾಗಿ ಬಾಕಿ ಜೋಡಿಗಳೆಲ್ಲ ಅಂದೇ ಮುಗಿಯಬೇಕು. ಶೀತಲ್ ಹಬ್ಬಕ್ಕೆಂದು ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಇನ್ನೂರ ಎಂಬತ್ತೆರಡು ಆಗಿದ್ದವು. ಉಳಿದ ಐವತ್ತೆಂಟೂ ಶೀತಲ್ ಸಂಶಯಪಟ್ಟು ಇಟ್ಟವೇ. ಒಂದೊಂದರ ಮುಂದೂ ಹಳದಿ ಟಿಪ್ಪಣಿ.

ಇಂಪನಾ ಮೊದಲ ಆರನ್ನು ಓದಿದಳು. ಆರರಲ್ಲೂ ಎರಡು ಹೆಸರು ಒಬ್ಬನದೇ ಆಗಿದ್ದವು. ಗಡಿಯಾರ ನೋಡಿದಳು. ಉಳಿದವೂ ಹೀಗೇ ಇರುತ್ತವೆ ಬಿಡು ಎಂದುಕೊಂಡು, 'ಎಲ್ಲವನ್ನೂ ಸೇರಿಸು' ಎಂಬ ಗುಂಡಿ ಒತ್ತಿದಳು. ಹೆಸರುಗಳು ಸೇರಿದವು, ಟಿಪ್ಪಣಿಗಳು ಅಳಿಸಿಹೋದವು. ಅವಳು, ಶೀತಲ್ ಇಬ್ಬರೂ ಒಂದೇ ಲಾಗಿನ್‌ನಲ್ಲಿ ಆ ಕೆಲಸ ಮಾಡುತ್ತಿದ್ದರಿಂದ ಒತ್ತಿದವರು ಯಾರೆಂಬ ಗುರುತೂ ಉಳಿಯಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಓಡಿದಳು. ಬಸ್ಸು ಸಿಕ್ಕಿತು.

ಊರಿಂದ ಮರಳಿದಾಗ ಶೀತಲ್ ಕೇಳಿದ್ದಳು: "ಬಾಕಿ ಪಟ್ಟಿ ಖಾಲಿ ಅದಲ್ಲ, ಎಲ್ಲಾ ನೋಡಿದೇನು?"

"ಹ್ಞೂಂ, ನೋಡ್ದೆ," ಎಂದಿದ್ದಳು ಇಂಪನಾ. ಅದು ಮೊದಲನೆಯ ಸುಳ್ಳು. ಆಗ ಅದು ಸುಳ್ಳು ಎನಿಸಿರಲೂ ಇಲ್ಲ.

ಅಕ್ಟೋಬರ್ ಮೊದಲ ಶನಿವಾರ ಗ್ರಾನ್‌ವಿಕ್‌ನಲ್ಲಿ ಉತ್ಸವ. ಅಲ್ಲಿ ಮಧ್ಯಾಹ್ನ, ಇಲ್ಲಿ ದೀಪ ಹಚ್ಚುವ ಹೊತ್ತು. ಔಂಧದ ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಚಹಾ ಇಟ್ಟುಕೊಂಡು ಇಂಪನಾ ನೇರಪ್ರಸಾರ ನೋಡಿದಳು. ಹಸಿರು ಅಂಗಿಯ ಐದು ಸಾವಿರ ಜನ. ಮಂಜುಗಡ್ಡೆಯ ಮೇಲೆ ಕೆಂಪು ಜಮಖಾನೆ ಹಾಸಿದ್ದರು. 1968ರ ತಂಡದಲ್ಲಿ ಬದುಕಿದ್ದವರನ್ನು ಒಬ್ಬೊಬ್ಬರಾಗಿ ಕರೆದರು. ಎಂಟು ಮಂದಿ ಮುದುಕರು ಕೋಲೂರಿಕೊಂಡು, ಮೊಮ್ಮಕ್ಕಳ ಕೈ ಹಿಡಿದುಕೊಂಡು ಬಂದು ನಿಂತರು. ತೀರಿಕೊಂಡವರ ಹೆಸರುಗಳು ಪರದೆಯ ಮೇಲೆ ಬಂದವು. ಕೊನೆಯಲ್ಲಿ ಒಂದು ಮುಖ, ಅದರ ಕೆಳಗೆ ದೊಡ್ಡಕ್ಷರದಲ್ಲಿ, 'ಫೈನಲ್ಲಿನಲ್ಲಿ ನಲವತ್ತೊಂದು ಹೊಡೆತ ತಡೆದ ಗೋಲ್‌ಕೀಪರ್ ಕಾರ್ಲ್ ಎಕ್‌ಬರ್ಗ್, 1941–1971.' ಇಡೀ ಅಂಗಳ ಎದ್ದು ನಿಂತಿತು. ಕ್ಯಾಮೆರಾ ಜನರ ಮೇಲೆ ಹಾಯುತ್ತ ಒಬ್ಬ ಎತ್ತರದ ಮುದುಕನ ಮೇಲೆ ಒಂದು ಕ್ಷಣ ನಿಂತಿತು. ಆತ ಟೋಪಿ ತೆಗೆದು, ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದ. ಪಕ್ಕದಲ್ಲಿದ್ದ ತರುಣಿ ಅವನ ತೋಳು ಹಿಡಿದು ಜಗ್ಗುತ್ತ ಏನೋ ಕೇಳುತ್ತಿದ್ದಳು.

ಎಂಥ ಅಭಿಮಾನ ಈ ಜನಕ್ಕೆ ಎಂದುಕೊಂಡಳು ಇಂಪನಾ. ಅವಳ ಕಣ್ಣೂ ತುಂಬಿ ಬಂತು. ಶೀತಲ್‌ಗೆ ಮೆಸೇಜ್ ಹಾಕಿದಳು: 'ನಮ್ಮ ಕೆಲಸ ಅಕ್ಕ, ಇದು!'

ಸೋಮವಾರ ಗುನಿಲ್ಲಾ ಅವರ ಪತ್ರ ಬಂತು. ಆಸ್ಪತ್ರೆಯಿಂದ ಮನೆಗೆ ಬಂದು ಉತ್ಸವದ ವಿಡಿಯೋ ನೋಡಿದ್ದರು. ಬೈಗುಳವಿಲ್ಲದ, ಒಂದೇ ಪುಟದ ಪತ್ರ. ಫೈನಲ್ ಆಡಿದವನು ಕಾರ್ಲ್ ಅಲ್ಲ, ಅವನ ತಮ್ಮ. ಅವನ ಹೆಸರು ಶೆಲ್. ಬರೆಯುವಾಗ ಮಾತ್ರ 'ಕೆ'ಯಿಂದ ಶುರುವಾಗುತ್ತದೆ. ಅವನು ಬದುಕಿದ್ದಾನೆ, ಎಪ್ಪತ್ತೆಂಟು ವರ್ಷ. ಮದುವೆಯಾಗಿ ದೂರದ ಊರಿಗೆ ಹೋಗಿ ನೆಲೆಸಿದವನು. ಆಹ್ವಾನ ಅಂಚೆಯಲ್ಲಿ ಕಳೆದಿರಬೇಕೆಂದುಕೊಂಡು ತಾನೇ ಟಿಕೆಟ್ ಕೊಂಡು, ಐದು ತಾಸು ರೈಲಿನಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ. ಈಗ ಹೆಸರು ಕರೆಯುತ್ತಾರೆ ನೋಡು ಎಂದು ಅವಳಿಗೆ ಹೇಳುತ್ತ ಕೂತಿದ್ದ. ಜಮಖಾನೆಯ ಮೇಲಿದ್ದ ಗೆಳೆಯರು 'ಶೆಲ್ ಎಲ್ಲಿ?' ಎಂದು ಕೇಳಿದರಂತೆ. ಸಂಗೀತದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಹ್ವಾನಿತರ ಪಟ್ಟಿ, ಪರದೆಯ ಹೆಸರು ಎಲ್ಲವನ್ನೂ ಕ್ಲಬ್ಬಿನ ಹೊಸಬರು ನಿಮ್ಮ ವೆಬ್‌ಸೈಟಿನಿಂದಲೇ ತೆಗೆದುಕೊಂಡಿದ್ದರು. ನಾನು ನೋಡಿದಾಗ ಇಬ್ಬರಿದ್ದರಲ್ಲ, ಇದು ಹೇಗಾಯಿತು?

ಚಪ್ಪಾಳೆ ತಟ್ಟಿದ ಆ ಮುದುಕ ಯಾರೆಂದು ಇಂಪನಾಳಿಗೆ ಈಗ ತಿಳಿಯಿತು.

ಹನ್ನೊಂದಕ್ಕೆ ಅಮೋಘ ಕರೆದ. ಅವನು ಅವರ ಮ್ಯಾನೇಜರ್; ಮಾತು ಕಡಿಮೆ, ಕೆಟ್ಟವನಲ್ಲ. ಗಾಜಿನ ಕೋಣೆಯಲ್ಲಿ ಇಬ್ಬರೇ ಇದ್ದರು.

"ಆ ಎರಡು ಹೆಸರು ಯಾರು ಮರ್ಜ್ ಮಾಡಿದ್ದು?" ಎಂದು ಕೇಳಿದ.

"ಲಾಗ್‌ನಲ್ಲಿ ಹೆಸರು ಬರಲ್ಲ, ಕಾಮನ್ ಲಾಗಿನ್ ಅದು," ಎಂದಳು ಇಂಪನಾ.

"ಡುಪ್ಲಿಕೇಟ್ ನೋಡ್ತಿದ್ದಿದ್ದು ಶೀತಲ್ ಅಲ್ವಾ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಆದರೆ ಬಂದ ಮಾತು ಬೇರೆ: "ಹೌದು. ಡುಪ್ಲಿಕೇಟ್ ಕೆಲಸ ಅವರದೇ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುಂದೆ ಎಷ್ಟೋ ದಿನ ಅವಳು ಆ ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, ನಾನು ಸುಳ್ಳೇನೂ ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೆಣಗಿದಳು. ಸಮಾಧಾನ ಆಗಲಿಲ್ಲ. ಸತ್ಯದ ಮಾತಿನಿಂದಲೇ ಒಬ್ಬಳ ಕುತ್ತಿಗೆ ಕೊಯ್ದಿದ್ದಳು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಶೀತಲ್ ಎದುರು ಬಂದು ಕೂತಳು. ಡಬ್ಬಿ ಬಿಚ್ಚಿರಲಿಲ್ಲ.

"ಇಂಪನಾ, ಅಮೋಘ ಸರ್ ಕೇಳಿದ್ರು. ನಾನ ಮಾಡೇನಂತ ಅವರು ಅಂದ್ಕೊಂಡಾರ. ನನಗ ನೆನಪ ಇಲ್ಲ ನೋಡು. ಆ ಎಕ್‌ಬರ್ಗಂದು ನೋಟ್ ಹಾಕಿ ಇಟ್ಟಿದ್ನಿ, ನಿನಗ ತೋರ್ಸಿದ್ನಿ. ನೀ ಬಾಕಿ ಪಟ್ಟಿ ನೋಡಿದಾಗ ಅದು ಅದರಾಗ ಇತ್ತೇನು?"

"ನಂಗೆ ನೆನಪಿಲ್ಲ ಅಕ್ಕ," ಎಂದಳು ಇಂಪನಾ, ತಟ್ಟೆ ನೋಡುತ್ತ.

ಶೀತಲ್‌ಗೆ ಇಂಪನಾಳ ಮೇಲೆ ಸಂಶಯ ಬರಲಿಲ್ಲ. ಬಂದದ್ದು ತನ್ನ ಮೇಲೇ.

"ಹಂಗಾದ್ರ ನಂದ ತಪ್ಪಿರಬೇಕು. ಹಬ್ಬದ ಗಡಿಬಿಡ್ಯಾಗ ಮನಿಗೆ ಹೋಗೂ ಮುಂದ ಎಲ್ಲೆರ ಕೈ ಬಿದ್ದಿರಬೇಕು. ಹನ್ನೆರಡು ವರ್ಷ ಮನ್ಯಾಗ ಕೂತಾಕಿ, ತಲಿ ಮದಲಿನಂಗ ಓಡೂದಿಲ್ಲ." ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಪಾಪ ಆ ಅಜ್ಜ. ನಿನ್ನ ಹೆಸರೂ ಕೆಡಿಸಿಬಿಟ್ನಿ ನಾ. ಸಿಟ್ಟಾಗಬ್ಯಾಡವಾ."

ಇಂಪನಾ ಅವಳ ಕೈ ಹಿಡಿದುಕೊಂಡು, "ಬಿಡಿ ಅಕ್ಕ, ಯಾರಿಗೆ ಬೇಕಾದ್ರೂ ಆಗುತ್ತೆ," ಎಂದಳು. ತಪ್ಪು ಮಾಡಿದವಳೇ ಮಾಡದವಳನ್ನು ಕ್ಷಮಿಸಿದಳು! ಆ ಕೈ ಬಿಸಿಯಾಗಿತ್ತು. ಅದನ್ನು ಹಿಡಿದ ತನ್ನ ಕೈಯನ್ನು ಆಮೇಲೆ ಬಾತ್‌ರೂಮಿನಲ್ಲಿ ಎರಡೆರಡು ಸಲ ಸೋಪು ಹಾಕಿ ತೊಳೆದಳು.

ಅಮೋಘ ಹೇಳಿದಂತೆ ಶೀತಲ್ ಗ್ರಾನ್‌ವಿಕ್‌ಗೆ ಒಂದು ಕ್ಷಮಾಪಣೆ ಪತ್ರ ಬರೆದಳು. ಮೂರು ಸಲ ತಿದ್ದಿ, ಇಂಗ್ಲಿಷ್ ಸರಿಯಿದೆಯೇ ನೋಡು ಎಂದು ಇಂಪನಾಳಿಗೇ ತೋರಿಸಿದಳು. ಇಂಪನಾ ಎರಡು ಪದ ತಿದ್ದಿ ಕೊಟ್ಟಳು. ದಸರೆ ಕಳೆದ ವಾರ ಶೀತಲ್‌ಳ ಆರು ತಿಂಗಳ ಅವಧಿ ಮುಗಿಯಿತು, ನವೀಕರಣ ಆಗಲಿಲ್ಲ. ಶೀತಲ್ ತನ್ನ ಚಹಾ ಕಪ್ಪು, ಸ್ವೆಟರ್ ಚೀಲಕ್ಕೆ ಹಾಕಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ, ಲಿಫ್ಟಿನೊಳಗೆ ಹೋದಳು.

ಆಮೇಲಿನ ದಿನಗಳಲ್ಲಿ ಇಂಪನಾ ಸರಿಯಾಗಿ ಊಟ ಮಾಡಲಿಲ್ಲ. ಇದೆಲ್ಲ ಸಣ್ಣ ತಪ್ಪು, ಯಾರೂ ಸತ್ತಿಲ್ಲ, ಶೀತಲ್‌ಗೆ ಬೇರೆ ಕೆಲಸ ಸಿಗುತ್ತದೆ, ಗಂಡನಿಗೆ ಸರ್ಕಾರಿ ನೌಕರಿ ಇದೆ ಎಂದು ಒಂದೊಂದೇ ಕಾರಣ ಹುಡುಕಿಕೊಂಡಳು. ತನ್ನ ಮನೆಯ ಸಾಲ, ತಂಗಿಯ ಮದುವೆ, ಮುಂದಿನ ತಿಂಗಳ ಬಡ್ತಿ ಎಲ್ಲವನ್ನೂ ತಕ್ಕಡಿಯ ಇನ್ನೊಂದು ಕಡೆಗೆ ಹಾಕಿದಳು. ಎಷ್ಟು ಹಾಕಿದರೂ ತಪ್ಪಿದ್ದ ಕಡೆ ಮೇಲೇಳಲಿಲ್ಲ. ಗ್ರಾನ್‌ವಿಕ್‌ನ ಪುಟವನ್ನು ಅವಳೇ ಸರಿಪಡಿಸಿದಳು. ಶೆಲ್ ಎಕ್‌ಬರ್ಗ್, ಜನನ 1946, ಏಳು ಪಂದ್ಯ, ಒಂದು ಚಿನ್ನ. ಫೋಟೋ ಹಾಕುವಾಗ ಬಿಲ್ಲೆ ಹಿಡಿಯುವ ಕೈಗವಸು ಬಲಗೈಯಲ್ಲಿರುವುದು ಎದ್ದು ಕಂಡಿತು. ಇಷ್ಟು ಸ್ಪಷ್ಟವಾಗಿತ್ತು. ಶೀತಲ್ ತೋರಿಸಿಯೂ ಇದ್ದಳು.

ದೀಪಾವಳಿಗೆ ಆರು ದಿನ ಇರುವಾಗ ಒಂದು ಪತ್ರ ಬಂತು. ಬಂದದ್ದು ಶೀತಲ್‌ಳ ಹೆಸರಿಗೆ. ಅವಳ ಇಮೇಲ್ ಖಾತೆ ಮುಚ್ಚಿದ್ದರಿಂದ ಲೀಡ್ ಆದ ಇಂಪನಾಳ ಇನ್‌ಬಾಕ್ಸಿಗೆ ಬಂದು ಬಿದ್ದಿತ್ತು. ಬರೆದವನು ಶೆಲ್, ಇಂಗ್ಲಿಷ್ ಮಾಡಿದವಳು ಮೊಮ್ಮಗಳು.

'ಪ್ರಿಯ ಶೀತಲ್, ನಿಮ್ಮ ಪತ್ರ ಓದಿಸಿಕೊಂಡೆ. ಇಷ್ಟು ನೊಂದುಕೊಳ್ಳಬೇಡಿ. ಕಾರ್ಲ್ ನನಗಿಂತ ಐದು ವರ್ಷ ದೊಡ್ಡವನು. ಹಿತ್ತಲಿನಲ್ಲಿ ನನ್ನನ್ನು ನಿಲ್ಲಿಸಿ ಹೊಡೆದೂ ಹೊಡೆದೂ ನನಗೆ ಗೋಲು ಕಾಯುವುದನ್ನು ಕಲಿಸಿದವನು ಅವನೇ. ಫೈನಲ್ಲಿಗೆ ನಾಲ್ಕು ದಿನವಿದ್ದಾಗ ಅಭ್ಯಾಸದಲ್ಲಿ ಪಕ್ಕು, ಆ ಕಲ್ಲಿನಂಥ ರಬ್ಬರ್ ಬಿಲ್ಲೆ, ಬಡಿದು ಅವನ ಕೆನ್ನೆಯ ಮೂಳೆ ಮುರಿಯಿತು. ಹಾಗಾಗಿ ನಾನು ನಿಂತೆ. ಪಂದ್ಯದುದ್ದಕ್ಕೂ ಅವನು ಮುಖಕ್ಕೆ ಪಟ್ಟಿ ಸುತ್ತಿಕೊಂಡು ನನ್ನ ಬೆನ್ನ ಹಿಂದಿನ ಕಟಾಂಜನದ ಬಳಿ ನಿಂತು, ಎಡಕ್ಕೆ, ಬಲಕ್ಕೆ ಎಂದು ಕೂಗುತ್ತಲೇ ಇದ್ದ. ಮೂರು ವರ್ಷದ ನಂತರ ಕಾರ್ಖಾನೆಯಲ್ಲಿ ಮರದ ದಿಮ್ಮಿ ಬಿದ್ದು ಹೋಗಿಬಿಟ್ಟ. ಆ ಮೇಲೆ ನನಗೆ ಆಡಲು ಮನಸ್ಸಾಗಲಿಲ್ಲ. ಅಂದು ಪರದೆಯ ಮೇಲೆ ಅವನ ಮುಖ ಕಂಡಾಗ, ಹೋಗಲಿ, ಅವನಿಗೂ ಒಂದು ಚಪ್ಪಾಳೆ ಸಲ್ಲಬೇಕಿತ್ತು ಎನಿಸಿ ಎದ್ದು ನಿಂತೆ. ಮನೆಗೆ ಬಂದ ಮೇಲೆ ಮಾತ್ರ ಅತ್ತೆ. ಇಲ್ಲವೆಂದು ಸುಳ್ಳು ಹೇಳಲಾರೆ. ಮೊಮ್ಮಗಳು ನನ್ನನ್ನು ಏನೆಂದುಕೊಂಡಳೋ ಎಂದು ನಾಚಿಕೆಯಾಯಿತು. ಒಂದು ಮಾತು ಕೇಳಬೇಕು. ನೀವು ನಮ್ಮ ಅಷ್ಟೂ ಪುಸ್ತಕ ತಿರುವಿ ಹಾಕಿದವರಂತೆ. ನಾವು ಇಬ್ಬರಿದ್ದೆವು ಎಂದು ನಿಮಗೆ ಒಮ್ಮೆಯಾದರೂ ಕಂಡಿತ್ತೇ?'

ಇಂಪನಾ ಪತ್ರವನ್ನು ಎರಡು ಸಲ ಓದಿದಳು. ಮೂರನೆಯ ಸಲ ಕೊನೆಯ ಸಾಲಿನಲ್ಲೇ ನಿಂತುಬಿಟ್ಟಳು. ಈ ಪ್ರಶ್ನೆಗೆ ಉತ್ತರವಿದ್ದದ್ದು ಪ್ರಪಂಚದಲ್ಲಿ ಒಬ್ಬಳ ಬಳಿ. ಅವಳ ಆ ಉತ್ತರವನ್ನೂ ನಾನೇ ಕದ್ದಿದ್ದೆ ಎನಿಸಿತು.

ಭಾನುವಾರ ಬೆಳಿಗ್ಗೆ ಪತ್ರದ ಪ್ರಿಂಟ್ ತೆಗೆದುಕೊಂಡು ಆಟೋ ಹತ್ತಿ ಖಡಕಿಗೆ ಹೋದಳು. ನೌಕರರ ಹಳೆಯ ವಸತಿ ಸಾಲು. ಪ್ರತಿ ಬಾಗಿಲಲ್ಲೂ ಆಕಾಶಬುಟ್ಟಿ ಕಟ್ಟುತ್ತಿದ್ದರು. ಶೀತಲ್ ಚಕ್ಕುಲಿ ಒತ್ತುತ್ತಿದ್ದಳು. ಕೈತುಂಬ ಹಿಟ್ಟು. ಇಂಪನಾಳನ್ನು ಕಂಡು ಮುಖ ಅರಳಿತು.

"ಅಯ್ಯ, ಬಾ ಬಾ! ಫೋನ್ ಮಾಡಿ ಬರಬಾರದೇನು? ಕೂಡು. ಬಿಸಿದು ತಿನ್ನು ಮದಲ." ಒಳಗೆ ಓದುತ್ತಿದ್ದ ಮಗಳಿಗೆ, "ನೀರ ತಗೊಂಡ ಬಾರ. ನಮ್ಮ ಆಫೀಸಿನ ಇಂಪನಾ ಬಂದಾಳ, ನಾ ಹೇಳತಿದ್ನೆಲ್ಲ," ಎಂದು ಕೂಗಿದಳು.

ನಮ್ಮ ಆಫೀಸು ಎಂದದ್ದು ಇಂಪನಾಳ ಎದೆಗೆ ಚುಚ್ಚಿತು. ಚಕ್ಕುಲಿ ಮುಟ್ಟದೆ ಪತ್ರ ಮುಂದೆ ಚಾಚಿದಳು. ಶೀತಲ್ ಕೈ ಒರೆಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಓದುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂಥಾ ದೊಡ್ಡ ಮನಸಿನ ಮನಿಷ್ಯಾ," ಎಂದಳು. "ಕಂಡಿತ್ತೇನು ಅಂತ ಕೇಳ್ಯಾನ ನೋಡು. ಕಂಡಿತ್ತಪಾ ಅಜ್ಜಾ, ಕಂಡಿತ್ತು. ಕಂಡೂ ಕೆಡಿಸಿದ್ನಿ. ಏನಂತ ಬರೀಲಿ?"

"ನೀವು ಕೆಡಿಸಿಲ್ಲ ಅಕ್ಕ," ಎಂದಳು ಇಂಪನಾ.

"ಸಮಾಧಾನಕ್ಕ ಅನಬ್ಯಾಡ."

"ಇಲ್ಲ. ನಾನು ಮಾಡಿದ್ದು. ಗೌರಿ ಹಬ್ಬದ ಹಿಂದಿನ ದಿನ ನೀವು ಮನೆಗೆ ಹೋದ್ಮೇಲೆ. ಬಸ್ಸಿಗೆ ಲೇಟಾಗ್ತಿತ್ತು. ಆರನ್ನ ಮಾತ್ರ ಓದಿ ಐವತ್ತೆಂಟನ್ನೂ ಒಂದೇ ಸಲ ಸೇರ್ಸ್‌ಬಿಟ್ಟೆ. ನಿಮ್ಮ ನೋಟ್ ಎಲ್ಲ ಅಳಿಸಿಹೋಯ್ತು. ಅಮೋಘ ಕೇಳ್ದಾಗ ನಂಗೆ ಗೊತ್ತಿತ್ತು. ನೀವು ಕ್ಯಾಂಟೀನಲ್ಲಿ ಕೇಳ್ದಾಗ್ಲೂ ಗೊತ್ತಿತ್ತು. ನೆನಪಿಲ್ಲ ಅಂತ ಸುಳ್ಳು ಹೇಳ್ದೆ."

ಬಾಣಲೆಯಲ್ಲಿ ಚಕ್ಕುಲಿ ಕರ್ರಗಾಗತೊಡಗಿತ್ತು. ಶೀತಲ್ ಎದ್ದು ಹೋಗಿ ಒಲೆ ಆರಿಸಿದಳು. ಬೆನ್ನು ಹಾಕಿಕೊಂಡೇ ಸುಟ್ಟ ಚಕ್ಕುಲಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಹಾಕಿದಳು. ತಿರುಗಿದಾಗ ಅಳುತ್ತಿರಲಿಲ್ಲ.

"ಮೂರು ವಾರ," ಎಂದಳು. "ಮೂರು ವಾರ ನನ್ನ ತಲಿ ಕೆಟ್ಟದ ಅಂತ ನಾನ ನಂಬಿದ್ನಿ. ಅಡಗೀಗೆ ಉಪ್ಪು ಹಾಕಿದ್ನೋ ಇಲ್ಲೋ ಅಂತ ಎರಡೆರಡು ಸಲ ರುಚಿ ನೋಡ್ತಿದ್ನಿ. ಮಗಳ ಫೀಸಿನ ಫಾರ್ಮ್ ತುಂಬಾಕ ಅಂಜಿಕಿ ಆಗತಿತ್ತು, ಅವಳ ಕಡೇನ ತುಂಬಿಸಿದ್ನಿ. ಕೆಲಸ ಹೋಗಿದ್ದು ಹೋತು. ನನ್ನ ಮ್ಯಾಲ ನನಗಿದ್ದ ಭರೋಸಾ ಯಾಕ ಕಸಕೊಂಡ್ರಿ ನೀವು?"

ನೀವು ಎಂದಳು. ಇಂಪನಾಳಿಗೆ ಅದು ಕೇಳಿಸಿತು.

"ನಾಳೆ ಅಮೋಘಗೆ ಹೇಳ್ತೀನಿ. ನಿಮ್ಮನ್ನ ವಾಪಸ್—"

"ಹೇಳ್ರಿ. ನನಗ ಹೇಳಿದಂಗ ಹೇಳ್ರಿ, ಒಂದೂ ಬಿಡಬ್ಯಾಡ್ರಿ. ಈಗ ಹೋಗ್ರಿ. ಮಗಳಿಗೆ ಪರೀಕ್ಷಾ ಅದ."

ಇಂಪನಾ ಮೆಟ್ಟಿಲಿಳಿದಳು. ಯಾರೂ ಬಾಗಿಲ ತನಕ ಬರಲಿಲ್ಲ.

ಮರುದಿನ ಗಾಜಿನ ಕೋಣೆಯಲ್ಲಿ ಎಲ್ಲವನ್ನೂ ಹೇಳಿದಳು. 'ಕೆಲಸ ಅವರದೇ' ಎಂದ ತನ್ನ ಮಾತನ್ನೂ ಬಿಡಲಿಲ್ಲ. ಅಮೋಘ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೇಳಿಸಿಕೊಂಡ.

"ತಪ್ಪು ಮಾಡಿದ್ದಕ್ಕೆ ಒಂದು ಬೈಗುಳ ಸಾಕಿತ್ತು ಇಂಪನಾ. ಇನ್ನೊಬ್ಬರ ಮೇಲೆ ಹಾಕಿದ್ದಕ್ಕೆ ಏನು ಮಾಡಲಿ?" ಎಂದ. ಪೆನ್ನು ಕೆಳಗಿಟ್ಟು, "ನಾನೂ ಸರಿಯಾಗಿ ವಿಚಾರಿಸಲಿಲ್ಲ. ಸುಲಭವಾಗಿ ಸಿಕ್ಕವರನ್ನು ಹಿಡಿದುಬಿಟ್ಟೆ," ಎಂದೂ ಸೇರಿಸಿದ.

ಅವಳ ಲೀಡ್ ಸ್ಥಾನ ಹೋಯಿತು. ಬಡ್ತಿ ನಿಂತಿತು. ಕೆಲಸ ಉಳಿಯಿತು. ಅಮೋಘನೇ ಖಡಕಿಗೆ ಫೋನ್ ಮಾಡಿ ಮರಳಿ ಬರಬೇಕೆಂದು ಕೇಳಿಕೊಂಡ. ಶೀತಲ್ ಒಪ್ಪಲಿಲ್ಲ. ತಪ್ಪು ತನ್ನದಲ್ಲವೆಂದು ಕಂಪನಿಯ ಕಾಗದದ ಮೇಲೆ ಬರೆದುಕೊಡಿ, ಅದರ ಒಂದು ಪ್ರತಿ ಗ್ರಾನ್‌ವಿಕ್‌ಗೂ ಹೋಗಲಿ, ಬೇರೇನೂ ಬೇಡ ಎಂದಳು. ಆ ಕಾಗದ ಬರೆಯುವ ಕೆಲಸ ಇಂಪನಾಳಿಗೇ ಬಂತು. ಬರೆದಳು. ಯಾವ ದಿನ, ಎಷ್ಟು ಗಂಟೆಗೆ, ಯಾರು ಗುಂಡಿ ಒತ್ತಿದರು, ಯಾರ ಟಿಪ್ಪಣಿಯಲ್ಲಿ ಏನಿತ್ತು, ಎಲ್ಲ.

ಉಳಿದ ಐವತ್ತೇಳು ಜೋಡಿಗಳನ್ನು ಮತ್ತೆ ಬಿಡಿಸಿ ನೋಡುತ್ತೇನೆಂದು ಅವಳೇ ಕೇಳಿ ವಹಿಸಿಕೊಂಡಳು. ಶನಿವಾರ ಭಾನುವಾರ ಖಾಲಿ ಆಫೀಸಿನಲ್ಲಿ ಕೂತು ಪುಸ್ತಕದ ಪುಟಗಳನ್ನು ಒಂದೊಂದಾಗಿ ನೋಡಿದಳು. ಇನ್ನೂ ಏಳು ಮಂದಿ ಸಿಕ್ಕರು. ಹೆಂಗಸರ ಮೊದಲ ತಂಡದ ಅತ್ತಿಗೆ ನಾದಿನಿಯರು ಒಬ್ಬಳಾಗಿಬಿಟ್ಟಿದ್ದರು. ತಂದೆ ಮಗ ಒಂದೇ ಹೆಸರಿನಲ್ಲಿ ಮೂವತ್ತೊಂದು ವರ್ಷ ಆಡಿದಂತಾಗಿತ್ತು. ಒಂದೇ ಪಂದ್ಯ ಆಡಿ, ಆರು ನಿಮಿಷ ಮಂಜಿನ ಮೇಲಿದ್ದು ಹೋದವನೊಬ್ಬನಿದ್ದ. ಒಬ್ಬೊಬ್ಬರಿಗೂ ಅವರ ಪುಟ ಮಾಡಿಕೊಟ್ಟಳು. ಬದುಕಿದ್ದವರಿಗೆ, ಇಲ್ಲದವರ ಮಕ್ಕಳಿಗೆ, ಗುನಿಲ್ಲಾ ಮೂಲಕ ಪತ್ರ ಬರೆದಳು. ಪ್ರತಿ ಪತ್ರದಲ್ಲೂ 'ನನ್ನಿಂದ' ಎಂಬ ಪದವಿತ್ತು. 'ನಮ್ಮ ತಂಡದಿಂದ' ಎಂದು ಒಮ್ಮೆ ಬರೆದು, ಹೊಡೆದು ಹಾಕಿದಳು.

ಡಿಸೆಂಬರಿನ ಒಂದು ಶನಿವಾರ, ಪಂದ್ಯಕ್ಕೆ ಮೊದಲು, ಕ್ಲಬ್ಬು ಶೆಲ್‌ನನ್ನು ಕರೆಸಿತು. ಇಂಪನಾ ನೇರಪ್ರಸಾರ ಹಾಕಿದಳು, ಧೈರ್ಯ ಸಾಲದೆ ನಡುವೆ ಎದ್ದು ಬಾಲ್ಕನಿಗೆ ಹೋದಳು, ಮತ್ತೆ ಬಂದಳು. ಅಷ್ಟರಲ್ಲಿ ಅವನು ಜಮಖಾನೆಯ ತುದಿ ತಲುಪಿದ್ದ. ಹಸಿರು ಅಂಗಿ ಭುಜದಲ್ಲಿ ಜೋತು ಬಿದ್ದಿತ್ತು. ಜನ ನಲವತ್ತೊಂದು ಸಲ ಲೆಕ್ಕ ಹೇಳುತ್ತ ಚಪ್ಪಾಳೆ ತಟ್ಟಿದರು. ಅಕ್ಟೋಬರಿನಷ್ಟು ಜನ ಇರಲಿಲ್ಲ. ಅರ್ಧ ಕುರ್ಚಿಗಳು ಖಾಲಿ ಇದ್ದವು, ಅವನ ಜೊತೆಗಾರರಲ್ಲಿ ಮೂವರಷ್ಟೇ ಬಂದಿದ್ದರು. ಒಬ್ಬ ಆ ನಡುವೆ ತೀರಿಕೊಂಡಿದ್ದ ಎಂದು ಗುನಿಲ್ಲಾ ಆಮೇಲೆ ತಿಳಿಸಿದರು. ಆ ದಿನವನ್ನು ಮತ್ತೊಮ್ಮೆ ಮಾಡಿಕೊಡಲು ಯಾರಿಂದಲೂ ಆಗಲಿಲ್ಲ.

ಇಂಪನಾ ಶೆಲ್‌ಗೂ ಅಂಥದೇ ಪತ್ರ ಬರೆದಿದ್ದಳು, ಅವನು ಉತ್ತರ ಕೊಟ್ಟ. ಮೂರು ಸಾಲು. 'ತಪ್ಪು ಮಾಡದ ಶೀತಲ್‌ಳನ್ನು ಬೇಗ ಕ್ಷಮಿಸಿಬಿಟ್ಟೆ, ಅದು ಸುಲಭವಿತ್ತು. ನಿಮ್ಮ ವಿಷಯದಲ್ಲಿ ಸ್ವಲ್ಪ ಸಮಯ ಬೇಕು. ನನ್ನ ವಯಸ್ಸಿನವನು ಬಹಳ ತಡ ಮಾಡಲಾರ, ಪ್ರಯತ್ನಿಸುತ್ತಿದ್ದೇನೆ.' ಶೀತಲ್‌ಗೆ ಅವನು ಬೇರೆಯಾಗಿ ಬರೆಯುತ್ತಾನೆಂದೂ, ಅವಳು ಅವನಿಗೆ ಮಗಳ ಫೋಟೋ ಕಳಿಸಿದ್ದಾಳೆಂದೂ ಗುನಿಲ್ಲಾ ಹೇಳಿದರು. ಇಂಪನಾ ಅದರ ಬಗ್ಗೆ ಹೆಚ್ಚು ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎನಿಸಿತು.

ಸಂಕ್ರಾಂತಿಯಂದು ಪುಣೆಯಲ್ಲಿ ಎಲ್ಲರೂ ಎಲ್ಲರಿಗೂ ಎಳ್ಳುಂಡೆ ಕೊಡುತ್ತಾರೆ, ತಿನ್ನಿ, ಸಿಹಿಯಾಗಿ ಮಾತಾಡಿ ಎನ್ನುತ್ತಾರೆ. ಇಂಪನಾ ಬಹಳ ಯೋಚಿಸಿ ಶೀತಲ್‌ಗೂ ಒಂದು ಮೆಸೇಜ್ ಕಳಿಸಿದಳು. ಉತ್ತರ ಬಾರದೆಂದೇ ಅಂದುಕೊಂಡಿದ್ದಳು. ಸಂಜೆ ಫೋನೇ ಬಂತು. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಖಡಕಿಯ ಶಾಲೆಯೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು.

"ಮೆಸೇಜ್ ನೋಡಿದ್ನಿ," ಎಂದಳು ಶೀತಲ್. "ಎಳ್ಳು ಬೆಲ್ಲ ತಿಂದು ಛಲೋ ಮಾತಾಡು ಅಂತಾರ. ನಿಮ್ಮ ಜೋಡಿ ನನಗಿನ್ನೂ ಛಲೋ ಮಾತು ಬರೂದಿಲ್ಲ ಇಂಪನಾ ಅವ್ರ. ಬಾರದ ಮಾತ ಯಾಕ ಆಡಬೇಕು? ಬಂದಾಗ ನಾನ ಫೋನ್ ಮಾಡ್ತೇನಿ."

"ಆಗ್ಲಿ ಅಕ್ಕ. ನೀವು ಹೇಳಿದ್ದು ಸರಿ," ಎಂದಳು ಇಂಪನಾ.

"ಇಡ್ತೇನಿ ಹಂಗಾರ," ಎಂದು ಶೀತಲ್ ಫೋನ್ ಇಟ್ಟಳು.